ಮನೆವ್ಯಾನಿನ ಹಿಂದೊಂದು ಸೈಕಲ್ ಪಂಜರ

"ಸಾರ್, ಅದನ್ನ ಮುಟ್ಟಬೇಡಿ."

ಇಷ್ಟೇ. ಮೂರೇ ಮಾತು. ಟೈ ಕಟ್ಟಿದ್ದ ಆ ಸೇಲ್ಸ್‌ಮನ್ ನಗುನಗುತ್ತಲೇ ಅಂದದ್ದು. ಆದರೆ ಗೇಟು ಮೇಸ್ತ್ರಿಗಳು ಅದನ್ನು ಇವತ್ತಿಗೂ ಮರೆತಿಲ್ಲ. ಊಟದ ನಡುವೆ ನೆನಪಾದರೆ ತುತ್ತು ಗಂಟಲಲ್ಲೇ ನಿಲ್ಲುತ್ತದೆ. ಹಲ್ಲುಜ್ಜುವಾಗ ನೆನಪಾದರೆ ಬ್ರಷ್ಷಿನ ಕತ್ತು ಮುರಿಯುತ್ತದೆ.

ಮುಟ್ಟಬೇಡಿ ಅಂತೆ! ಯಾರಿಗೆ ಹೇಳಿದ್ದು? ಊರಿನ ಅರ್ಧದಷ್ಟು ಮನೆಗಳ ಮುಂದೆ ಗೇಟು ನಿಲ್ಲಿಸಿದ ಕೈಗೆ! ಓದು ಅವರ ತಲೆಗೆ ಹತ್ತಲಿಲ್ಲ, ಅದು ನಿಜ. ಆರನೇ ಕ್ಲಾಸಿನ ಮೇಷ್ಟ್ರು "ಹೊರಗೆ ನಿಲ್ಲೋ" ಅಂದಾಗ ಹೊರಗೆ ಹೋದವರು ಮತ್ತೆ ಒಳಗೆ ಬರಲೇ ಇಲ್ಲ; ಸೀದಾ ವೆಲ್ಡಿಂಗ್ ಶಾಪಿಗೆ ನಡೆದುಬಿಟ್ಟರು. ಆದರೆ ಕಬ್ಬಿಣ? ಮೇಸ್ತ್ರಿಗಳು ಕಣ್ಣು ಕೆಂಪಗೆ ಮಾಡಿದರೆ ಕಬ್ಬಿಣ ತಾನಾಗಿ ಬಗ್ಗುತ್ತದೆ. ಅದಕ್ಕಿಂತ ಬೇಗ ಮನುಷ್ಯರು ಬಗ್ಗುತ್ತಾರೆ. ಅವರ ಕೋಪ ವೆಲ್ಡಿಂಗ್ ಕಿಡಿಯಂಥದ್ದು. ಯಾವ ಕಡೆ ಹಾರುತ್ತದೋ, ಯಾರ ಅಂಗಿ ತೂತಾಗುತ್ತದೋ ಹೇಳುವಂತಿಲ್ಲ. ಅವರಿಗೆ ಬಗ್ಗದ ಜೀವ ಭೂಮಿಯ ಮೇಲೆ ಒಂದೇ ಒಂದು. ಅವರ ಹೆಂಡತಿ.

ಆಕೆಯನ್ನು ಬೀದಿಯವರೆಲ್ಲ ಟೈಲರಮ್ಮ ಅನ್ನುತ್ತಾರೆ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು, ಕೊರಳಲ್ಲಿ ಟೇಪು, ತುಟಿಗಳ ನಡುವೆ ಗುಂಡುಪಿನ್ನು. ಪಿನ್ನು ಬಾಯಲ್ಲಿರುವಾಗ ಮಾತಾಡುವುದಿಲ್ಲ. ಪಿನ್ನು ತೆಗೆದ ಮೇಲೆ ಮಾತೇ ಪಿನ್ನು.

ಕಂಡವರ ಪ್ಯಾಂಟುಗಳನ್ನೆಲ್ಲ ಮೊಟಕು ಮಾಡುತ್ತಾ ಕೂತು ಕೂತು ಟೈಲರಮ್ಮನ ಮಂಡಿ ಹಿಡಿದುಕೊಂಡಿತ್ತು. ಡಾಕ್ಟರು "ಸೈಕಲ್ ತುಳೀರಿ" ಅಂದರು. ಕೂದಲು ನರೆಯುವ ವಯಸ್ಸಿನಲ್ಲಿ ಟೈಲರಮ್ಮ ಸೈಕಲ್ ಕಲಿತರು. ಬಿದ್ದರು, ಎದ್ದರು, ಪಕ್ಕದ ಮನೆಯ ಬೇಲಿಯನ್ನೂ ತಮ್ಮ ಜೊತೆಗೆ ಬೀಳಿಸಿಕೊಂಡರು. ಆಮೇಲೆ ಹೆಂಗಸರ ಸೈಕಲ್ ಗುಂಪೊಂದನ್ನು ಸೇರಿದರು. ಈಗ ಆ ಗುಂಪು ದೂರದ ದೊಡ್ಡ ಕೆರೆಯನ್ನು ಒಂದು ಸುತ್ತು ಹಾಕುವುದೆಂದು ನಿಶ್ಚಯವಾಗಿತ್ತು. ಎದೆಗೆ ಸಿಕ್ಕಿಸಿಕೊಳ್ಳುವ ನಂಬರು ಮನೆಗೇ ಬಂದಿತ್ತು. ಟೈಲರಮ್ಮ ಅದನ್ನು ಕನ್ನಡಿಯ ಮೂಲೆಗೆ ಸಿಕ್ಕಿಸಿ, ತಲೆ ಬಾಚುವಾಗೆಲ್ಲ ಮುಖ ಬಿಟ್ಟು ಅದನ್ನೇ ನೋಡುತ್ತಿದ್ದರು. ಮದುವೆಯಾದ ಮೇಲೆ ತಮಗೆ ಅಂತ ಅವರು ಬಾಯಿಬಿಟ್ಟು ಕೇಳಿದ್ದು ಇದೊಂದೇ.

"ರೀ, ನನ್ನನ್ನೂ ನನ್ನ ಸೈಕಲ್ಲನ್ನೂ ಸರಿಯಾದ ಹೊತ್ತಿಗೆ ಆ ಕೆರೆ ಹತ್ರ ಇಳಿಸಿಬಿಡಿ. ಸಾಕು."

"ಇಷ್ಟೇನಾ? ರಾಣಿ ಥರ ಕರ್ಕೊಂಡು ಹೋಗ್ತೀನಿ!" ಅಂದರು ಮೇಸ್ತ್ರಿಗಳು. ರಾಣಿಗೆ ರಥವೂ ಸಿದ್ಧವಿತ್ತು. ಬೇಕರಿಯವರು ಓಡಿಸಿ ಓಡಿಸಿ ಬಿಟ್ಟಿದ್ದ ಹಳೆಯ ಬ್ರೆಡ್ ವ್ಯಾನನ್ನು ಅಗ್ಗಕ್ಕೆ ತಂದು, ಒಳಗೆ ಮಂಚ ಕೂರಿಸಿ, ಒಲೆ ಕೂರಿಸಿ, ಕಪಾಟು ಬಡಿದು, ಅದನ್ನೊಂದು ಮನೆ ಮಾಡಿದ್ದರು. ತಿಳಿದವರು ಕ್ಯಾಂಪರ್ ವ್ಯಾನು ಅಂದರು. ಮೇಸ್ತ್ರಿಗಳು ಮನೆವ್ಯಾನು ಅಂದರು. ಬಿಸಿಲಿಗೆ ಕಾದಾಗ ಅದು ಇನ್ನೂ ಬ್ರೆಡ್ ವಾಸನೆ ಹೊಡೆಯುತ್ತಿತ್ತು.

ಮನೆಯೇನೋ ಆಯಿತು, ಸೈಕಲ್ ಎಲ್ಲಿ ಇಡುವುದು? ಅದಕ್ಕೇ ಸೈಕಲ್ ಸ್ಟ್ಯಾಂಡು ಮಾರುವ ಆ ಅಂಗಡಿಗೆ ಹೋದದ್ದು.

ಟೈ ಕಟ್ಟಿದವನು ಒಂದೊಂದೇ ತೋರಿಸಿದ. "ಇದು ವ್ಯಾನಿನ ತಲೆ ಮೇಲೆ ಕೂರೋದು ಸಾರ್."

"ಸೈಕಲ್ ಇಳಿಸೋಕೆ ಏಣಿ ಹತ್ಬೇಕಾ? ಮಂಡಿ ನೋವು ಅಂತ ತಾನೇ ಸೈಕಲ್ಲು?"

"ಇದು ಹಿಂದಿನ ಬಾಗಿಲಿಗೆ ನೇತು ಹಾಕೋದು."

"ಅದೇನು ಟವೆಲ್ಲಾ?"

"ಇದು ವ್ಯಾನಿನ ಅಡಿಯ ಕೊಂಡಿಗೆ ಸಿಕ್ಕಿಸೋದು ಸಾರ್. ಎರಡು ತೋಳು, ನಾಲ್ಕು ಬೆಲ್ಟು. ಬೇಡದಾಗ ಮಡಚಿಡಬಹುದು."

ಟೈಲರಮ್ಮನ ಕಣ್ಣು ಅರಳಿತು. "ರೀ, ಇದು ಚೆನ್ನಾಗಿದೆ. ಹಗುರವಾಗಿದೆ. ಇದನ್ನೇ ತಗೊಳ್ಳೋಣ."

"ಬೆಲ್ಟಾ? ಪ್ಯಾಂಟು ಜಾರದ ಹಾಗೆ ಹಾಕೋ ಸಾಮಾನಿನಲ್ಲಿ ಸೈಕಲ್ ಕಟ್ತಾರಾ? ಯಾವನಾದ್ರೂ ಕಳ್ಳ ಬಂದು ಬಿಚ್ಕೊಂಡು ಹೋದ್ರೆ?" ಎನ್ನುತ್ತಾ ಮೇಸ್ತ್ರಿಗಳು ಆ ಸ್ಟ್ಯಾಂಡಿನ ತೋಳು ಹಿಡಿದು, ಕಳ್ಳನ ಪರವಾಗಿ, ಒಮ್ಮೆ ಜಗ್ಗಿದರು. ಅದು ನರಳಿತು. ಆಗಲೇ ಆ ಮೂರು ಮಾತು ಬಂದದ್ದು.

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೇಸ್ತ್ರಿಗಳ ಕಿವಿ ಕೆಂಪಾಯಿತು, ಮೂಗು ಕೆಂಪಾಯಿತು. ಟೈಲರಮ್ಮ ಕೈ ಹಿಡಿದು ಎಳೆಯುವಷ್ಟರಲ್ಲಿ ಘೋಷಣೆ ಹೊರಬಿತ್ತು.

"ಮುಟ್ಟಬಾರದ ಸಾಮಾನು ನನಗೆ ಬೇಡ! ನಾನೇ ಮಾಡ್ತೀನಿ! ಅದನ್ನ ಆನೆ ಬಂದು ಮುಟ್ಟಿದ್ರೂ ಅಲ್ಲಾಡಬಾರದು! ಹಾಗೆ ಮಾಡ್ತೀನಿ!"

ಮಾಡಿದರು. ಅದೇ ದುರಂತ.

ಮೇಸ್ತ್ರಿಗಳಿಗೆ ಗೇಟು ಬಿಟ್ಟು ಬೇರೇನೂ ಮಾಡಲು ಬರುವುದಿಲ್ಲ. ಒಮ್ಮೆ ಯಾರೋ ಮಗುವಿನ ತೊಟ್ಟಿಲು ಕೇಳಿದ್ದರು. ಅದಕ್ಕೂ ಚಿಲಕ ಇಟ್ಟು ಕೊಟ್ಟಿದ್ದರು. ಸೈಕಲ್ ಸ್ಟ್ಯಾಂಡೂ ಅವರ ಕೈಯಲ್ಲಿ ಗೇಟೇ ಆಯಿತು. ವ್ಯಾನಿನ ಹಿಂಬದಿಯ ಚೌಕಟ್ಟಿಗೆ ದಪ್ಪ ಕಬ್ಬಿಣದ ತಳ ಬೆಸೆದರು. ಸೈಕಲ್ಲನ್ನು ತಂದು ಅದರ ಮೇಲೆ ಅಡ್ಡಡ್ಡಲಾಗಿ ನಿಲ್ಲಿಸಿದರು. ಅದರ ಮೈ ಅಳತೆಗೆ ಸರಿಯಾಗಿ ಎಡಕ್ಕೊಂದು ಗ್ರಿಲ್ಲು, ಬಲಕ್ಕೊಂದು ಗ್ರಿಲ್ಲು, ಮಳೆ ಬಂದರೆ ಅಂತ ಮೇಲೊಂದು ತಗಡು. ಒಳಗಡೆಗೆ ವ್ಯಾನಿನ ಬೆನ್ನೇ ಗೋಡೆ. ಹೊರಗಡೆಗೆ, ಅಪ್ಪಟ ಮೇಸ್ತ್ರಿ ಛಾಪಿನ ಗೇಟು! ಮೇಲೆ ಬಾಣದ ಮೊನೆಗಳು, ನಡುವೆ ಒಂದು ಹೂವಿನ ಬಳ್ಳಿ.

ಟೈಲರಮ್ಮ ಬಾಗಿಲಲ್ಲಿ ನಿಂತು ನೋಡಿದರು. ಪಿನ್ನು ತೆಗೆದರು. "ರೀ, ನಾಳೆ ಬೆಳಗ್ಗೆ ಹೊರಡಬೇಕು. ಒಂದ್ಸಲ ತೆಗೆದು ತೋರಿಸಿ."

"ತೆಗೆದು ತೋರಿಸೋಕೆ ಗೇಟು ಮಾಡ್ತಾರೇನೇ? ಮುಚ್ಚಿಡೋಕೆ ಮಾಡ್ತಾರೆ!"

"ಬಟ್ಟೆ ಕೊಡೋಕೆ ಮುಂಚೆ ನಾನು ಒಂದ್ಸಲ ಹಾಕಿ ನೋಡಿ ಅಂತೀನಿ."

"ನಿನ್ನದು ನೂಲು, ನನ್ನದು ಉಕ್ಕು! ಉಕ್ಕಿಗೆ ಟ್ರಯಲ್ ಇಲ್ಲ!" ಮೇಸ್ತ್ರಿಗಳು ಬೀಗ ಜಡಿದು, ಗೇಟು ಹಿಡಿದು ಜಗ್ಗಿದರು. ಅಲ್ಲಾಡಲಿಲ್ಲ. ಅವರ ಕಸುಬಿನಲ್ಲಿ ಪರೀಕ್ಷೆ ಇದೊಂದೇ. ಅಲ್ಲಾಡದಿದ್ದರೆ ಪಾಸು.

ಮರುದಿನ ಇನ್ನೂ ಮಂಜು ಬಿಡುವ ಮುಂಚೆ ಸವಾರಿ ಹೊರಟಿತು. ಹಿಂದಿನ ಭಾರಕ್ಕೆ ವ್ಯಾನಿನ ಮೂತಿ ಮೇಲೆದ್ದು, ಅದು ರಸ್ತೆ ಬಿಟ್ಟು ಆಕಾಶ ನೋಡಿಕೊಂಡು ಓಡುತ್ತಿತ್ತು. ಉಬ್ಬು ಹಾರಿದಾಗೆಲ್ಲ ಪಂಜರ ‘ಧಡಾರ್’ ಎನ್ನುತ್ತಿತ್ತು. "ಕೇಳು, ಕೇಳು! ಅದು ಗಟ್ಟಿತನದ ಸದ್ದು!" ಎಂದು ಮೇಸ್ತ್ರಿಗಳು ವಿವರಿಸುತ್ತಿದ್ದರು. ಪೆಟ್ರೋಲ್ ಬಂಕಿನವನು ಪೈಪು ಹಿಡಿದುಕೊಂಡೇ ಹಿಂದೆ ಹೋಗಿ ಇಣುಕಿ ಬಂದ. "ಒಳಗೆ ಯಾವ ಪ್ರಾಣಿ ಇದೆ ಮೇಡಂ?"

"ಪ್ರಾಣಿ ಮುಂದೆ ಕೂತಿದೆ. ಸ್ಟೇರಿಂಗ್ ಹಿಡ್ಕೊಂಡು" ಅಂದರು ಟೈಲರಮ್ಮ.

ಕೆರೆಯ ದಡದಲ್ಲಿ ಆಗಲೇ ಹತ್ತಾರು ಸೈಕಲ್ಲುಗಳು. ಗುಂಪಿನ ಹೆಂಗಸರು "ಅಕ್ಕಾ, ಬಂದ್ರಾ! ಬೇಗ, ಬೇಗ! ಇನ್ನೇನು ಶಿಳ್ಳೆ ಊದ್ತಾರೆ!" ಎಂದು ಓಡಿ ಬಂದರು. ಟೈಲರಮ್ಮನ ಎದೆಯ ಮೇಲೆ ನಂಬರು, ತಲೆಯ ಮೇಲೆ ಹೆಲ್ಮೆಟ್ಟು, ಮುಖದ ಮೇಲೆ ಮೇಸ್ತ್ರಿಗಳು ಎಂದೂ ನೋಡಿರದ ಒಂದು ಕಳೆ. ಮೇಸ್ತ್ರಿಗಳಿಗೂ ಹುಮ್ಮಸ್ಸು ಬಂತು. ಎಲ್ಲರೂ ನೋಡುತ್ತಿದ್ದಾರೆ! ಸೊಂಟದಿಂದ ಬೀಗದ ಕೈ ತೆಗೆದರು. ಬೀಗ ಬಿಚ್ಚಿದರು. ಚಿಲಕ ಸರಿಸಿದರು. ಕೋಟೆಯ ಬಾಗಿಲು ತೆರೆಯುವ ದೊರೆಯಂತೆ ಗೇಟನ್ನು ತಳ್ಳಿದರು.

ಗೇಟು ಬೆರಳಗಲ ಹೋಗಿ ಸೈಕಲ್ಲಿನ ಪೆಡಲಿಗೆ ‘ಟಕ್’ ಎಂದು ಹೊಡೆದು ನಿಂತಿತು.

ಇನ್ನೊಮ್ಮೆ ತಳ್ಳಿದರು. ಟಕ್.

"ರೀ, ತಳ್ಳೋದಲ್ಲ, ಎಳೀರಿ."

"ಎಳೆದ್ರೆ ಬರಲ್ಲ ಕಣೇ. ಹೊರಗಡೆಗೆ ತಡೆಪಟ್ಟಿ ಬೆಸೆದಿದ್ದೀನಿ."

"ಯಾಕೆ?"

ಮೇಸ್ತ್ರಿಗಳು ಉತ್ತರ ಕೊಡಲು ಬಾಯಿ ತೆರೆದರು. ಉತ್ತರ ಅವರಿಗೇ ಮೊದಲು ಗೊತ್ತಾಗಿ ಬಾಯಿ ತೆರೆದೇ ಉಳಿಯಿತು. ಮನೆಯ ಗೇಟು ಯಾವತ್ತೂ ಒಳಕ್ಕೇ ತೆರೆಯಬೇಕು, ಬೀದಿಗೆ ತೆರೆಯಬಾರದು. ಇದು ಅವರ ಕಸುಬಿನ ಮೊದಲ ಪಾಠ. ಕೈ ತನ್ನಷ್ಟಕ್ಕೆ ಅದನ್ನೇ ಮಾಡಿಬಿಟ್ಟಿತ್ತು. ಮನೆಯಾದರೆ ಗೇಟಿನ ಒಳಗೆ ಅಂಗಳ ಇರುತ್ತದೆ. ಇಲ್ಲಿ ಸೈಕಲ್ ಇತ್ತು. ಸೈಕಲ್ಲನ್ನು ಮೊದಲು ನಿಲ್ಲಿಸಿ ಅದರ ಸುತ್ತ ಪಂಜರ ಕಟ್ಟಿದ್ದರಿಂದ ಒಳಗೆ ಹೋಗಲು ಅದಕ್ಕೆ ಗೇಟು ಬೇಕಾಗಿರಲಿಲ್ಲ. ಹೊರಗೆ ಬರಲು ಬೇಕಾಗಿತ್ತು. ಗೇಟು ತೆರೆಯಬೇಕಾದರೆ ಸೈಕಲ್ ಹೊರಗೆ ಬರಬೇಕು. ಸೈಕಲ್ ಹೊರಗೆ ಬರಬೇಕಾದರೆ ಗೇಟು ತೆರೆಯಬೇಕು. ಇನ್ನು ವ್ಯಾನಿನ ಹಿಂದಿನ ಬಾಗಿಲೋ, ಅದು ಹೊರಕ್ಕೆ ತೆರೆಯುವಂಥದ್ದು. ಎರಡು ಹಟಮಾರಿಗಳ ನಡುವೆ ಪಂಚಾಯಿತಿಗೆ ಕೂತವನ ಹಾಗೆ ಸೈಕಲ್ಲು ಸಿಕ್ಕಿಕೊಂಡಿತ್ತು.

"ಗೇಟನ್ನೇ ಎತ್ತಿ ತೆಗೀರಿ ಅಂಕಲ್" ಅಂದಳೊಬ್ಬಳು.

"ಆಗಲ್ಲಮ್ಮ. ಕಳ್ಳ ಎತ್ತಬಾರದು ಅಂತ ಕೀಲಿನ ತಲೆಗೂ ವೆಲ್ಡ್ ಹೊಡೆದಿದ್ದೀನಿ."

"ಒಂದು ಸರಳು ಕೊಯ್ದರೆ?"

"ಸಾಮಾನೆಲ್ಲ ಶಾಪಲ್ಲಿದೆ. ರಜೆ ಅಂತ ಬಂದಿದ್ದು!"

ಟೈಲರಮ್ಮ ಹತ್ತಿರ ಬಂದರು. ಸರಳುಗಳ ಸಂದಿಯಿಂದ ತಮ್ಮ ಸೈಕಲ್ಲನ್ನು ನೋಡಿದರು. ಆಸ್ಪತ್ರೆಯಲ್ಲಿರುವವರನ್ನು ಕಿಟಕಿಯಿಂದ ನೋಡುವ ಹಾಗೆ. ಬೈದಿದ್ದರೆ ಮೇಸ್ತ್ರಿಗಳು ತಿರುಗಿ ಬೈದು ಹಗುರಾಗುತ್ತಿದ್ದರು. ಆಕೆ ಬೈಯಲಿಲ್ಲ. ಆ ನೋಟಕ್ಕೆ ಮೇಸ್ತ್ರಿಗಳ ತಲೆ ಕೆಟ್ಟುಹೋಯಿತು.

"ಹ್ಯಾಂಡಲ್ ತಿರುಗಿಸಿದ್ರೆ ಜಾಗ ಆಗುತ್ತೆ! ಇರು!" ಎಂದವರೇ ಸರಳುಗಳ ಸಂದಿಯಲ್ಲಿ ತೋಳು ತೂರಿಸಿದರು. ಮುಂಗೈ ಹೋಯಿತು. ಮೊಣಕೈ ಹೋಯಿತು. ಹ್ಯಾಂಡಲ್ ಸಿಕ್ಕಿತು, ತಿರುಗಲಿಲ್ಲ. ಅಳತೆ ಅಷ್ಟು ಕರಾರುವಾಕ್ಕು! ಸರಿ, ಕೈ ಹಿಂದಕ್ಕೆ ಎಳೆದುಕೊಂಡರು.

ಬರಲಿಲ್ಲ.

ಮೊಣಕೈ ಒಳಗೆ ಹೋಗುವಾಗ ವಿನಯದಿಂದ ಹೋಗಿತ್ತು. ಬರುವಾಗ ಅಡ್ಡಡ್ಡ ಮಾತಾಡತೊಡಗಿತು. ಜಗ್ಗಿದಷ್ಟೂ ಊದಿತು. ಊದಿದಷ್ಟೂ ಮೇಸ್ತ್ರಿಗಳು ಜಗ್ಗಿದರು. ಸುತ್ತ ನಿಂತವರಲ್ಲಿ ಯಾರೋ ‘ಕಿಸಕ್’ ಎಂದರು.

"ಯಾರದು ನಕ್ಕಿದ್ದು? ಬರ್ತೀನಿ ಇರಿ!" ಎಂದು ಗುಡುಗಿದರು ಮೇಸ್ತ್ರಿಗಳು. ಆದರೆ ಬರುವಂತಿರಲಿಲ್ಲವಲ್ಲ!

ಅಷ್ಟರಲ್ಲಿ ಪಕ್ಕದ ಹಸಿರು ವ್ಯಾನಿನಿಂದ ಒಬ್ಬ ಅಜ್ಜ ಇಳಿದು ಬಂದರು. ಹಿಂದೆ ಅಜ್ಜಿ. ಅಜ್ಜ ಪಂಜರವನ್ನು ಒಂದು ಸುತ್ತು ಹಾಕಿ, ಬಾಣದ ಮೊನೆಗಳನ್ನು ಮುಟ್ಟಿ, ಹೂವಿನ ಬಳ್ಳಿ ಸವರಿ, ತಲೆದೂಗಿದರು. "ಭಲೇ ಕೆಲಸ! ನಾನು ರಿಟೈರ್ ಆಗೋವರೆಗೂ ಜೈಲಲ್ಲಿ ವಾರ್ಡನ್ ಆಗಿದ್ದೆ. ನಮ್ಮಲ್ಲೂ ಇಷ್ಟು ಗಟ್ಟಿ ಇರಲಿಲ್ಲ. ಒಂದೇ ವ್ಯತ್ಯಾಸ. ನಮ್ಮಲ್ಲಿ ಒಳಗಿದ್ದವರನ್ನ ಯಾವತ್ತಾದ್ರೂ ಬಿಡ್ತಿದ್ವಿ."

ಮೇಸ್ತ್ರಿಗಳು ಹಲ್ಲು ಕಡಿದರು. ಅಜ್ಜ ಟೈಲರಮ್ಮನ ಕಡೆ ತಿರುಗಿದರು. "ನೀನ್ಯಾಕಮ್ಮ ನಿಂತೆ? ನಮ್ಮವಳ ಸೈಕಲ್ ತಗೊಂಡು ಹೋಗು. ಅವಳಿಗೆ ಈ ಬೆಳಗ್ಗೆ ಅದರ ಕೆಲಸವಿಲ್ಲ."

ಅಜ್ಜಿ ಹಸಿರು ವ್ಯಾನಿನ ಹಿಂದಿನ ಸ್ಟ್ಯಾಂಡಿನಿಂದ ಸೈಕಲ್ ಬಿಚ್ಚಿ ತಂದೇಬಿಟ್ಟರು. ಮುಂದೆ ಬುಟ್ಟಿ ಇದ್ದ ಕೆಂಪು ಸೈಕಲ್ಲು. ಆಗಲೇ ಶಿಳ್ಳೆ ಕೇಳಿಸಿತು. ಟೈಲರಮ್ಮ ಒಮ್ಮೆ ಕೆರೆಯ ರಸ್ತೆ ನೋಡಿದರು. ಒಮ್ಮೆ ಗಂಡನ ತೋಳು ನೋಡಿದರು.

"ರೀ, ತುಂಬಾ ನೋವಾ?"

"ಇಲ್ಲ!"

"ಬೆರಳು ಆಡಿಸ್ತೀರಾ?"

ಮೇಸ್ತ್ರಿಗಳು ಪಂಜರದೊಳಗೆ ಬೆರಳು ಆಡಿಸಿದರು.

"ಹಾಗಾದ್ರೆ ನಾನು ಬರ್ತೀನಿ. ಅಮ್ಮಾ, ಇವರನ್ನ ಸ್ವಲ್ಪ ನೋಡ್ಕೊಳ್ಳಿ. ಕೂಗಾಡಿದ್ರೆ ಹೆದರಬೇಡಿ, ಕಚ್ಚಲ್ಲ."

ಹೋಗಿಯೇಬಿಟ್ಟರು! ಗುಂಪು ತಿರುವಿನಲ್ಲಿ ಮರೆಯಾಗುವಾಗ ಒಂದು ಕೆಂಪು ಸೈಕಲ್ಲು ಎಲ್ಲರಿಗಿಂತ ಹಿಂದಿತ್ತು. ಮೇಸ್ತ್ರಿಗಳು ಕತ್ತು ಚಾಚಿ ನೋಡುತ್ತಿದ್ದ ಹಾಗೇ ಅದು ಒಬ್ಬರನ್ನು ದಾಟಿತು. ಮೇಸ್ತ್ರಿಗಳಿಗೆ ತಿಳಿಯದಂತೆ ಎಡಗೈ ಮುಷ್ಟಿ ಕಟ್ಟಿ ಮೇಲೆದ್ದಿತು. ಬಲಗೈ ಪಂಜರದಲ್ಲೇ ಇತ್ತು.

ಆಮೇಲಿನದು ಯಾವ ಗಂಡಸಿಗೂ ಬೇಡ. ಅಜ್ಜಿ ಲೋಟ ಹಿಡಿದು ಕಾಫಿ ಕುಡಿಸಿದರು, ಬಾಯಿ ಒರೆಸಿದರು. ಅಜ್ಜ ಬಿಸಿಲು ಬೀಳದಂತೆ ಛತ್ರಿ ಹಿಡಿದು, ಜೈಲಿನಿಂದ ಪಾರಾಗಲು ಹೋಗಿ ಕಿಟಕಿಯಲ್ಲಿ ಸಿಕ್ಕಿಕೊಂಡ ಕೈದಿಗಳ ಕಥೆಗಳನ್ನು ವಿವರವಾಗಿ ಹೇಳಿದರು. "ಎಲ್ಲರೂ ನಿಮ್ಮ ಹಾಗೇ. ಮೊದಲು ಬೈತಾರೆ. ಆಮೇಲೆ ದೇವರನ್ನ ಕರೀತಾರೆ. ಕೊನೆಗೆ ಹೆಂಡತೀನ ಕರೀತಾರೆ. ನೀವು ಎಲ್ಲಿದ್ದೀರಿ ಈಗ?"

"ನನಗೆ ಏನೂ ಬೇಡ, ನೀವು ಹೋಗಿ!"

"ಓ, ಇನ್ನೂ ಮೊದಲನೇದರಲ್ಲೇ ಇದ್ದೀರಿ."

ಅಜ್ಜಿ ಪಾತ್ರೆ ತೊಳೆಯುವ ಸೋಪನ್ನು ಭುಜದಿಂದ ಮುಂಗೈವರೆಗೆ ಸುರಿದು, ಮಗುವಿಗೆ ಎಣ್ಣೆ ನೀವುವಂತೆ ನೀವಿ ನೀವಿ, "ಹ್ಞೂಂ, ಉಸಿರು ಬಿಡಪ್ಪ" ಅಂದರು. ತೋಳು ಪುಳಕ್ಕನೆ ಹೊರಬಂತು. ಮೇಸ್ತ್ರಿಗಳು ಹಿಂದಕ್ಕೆ ಕುಕ್ಕರಿಸಿ ಬಿದ್ದರು. ನೊರೆ ಕೆರೆಯವರೆಗೂ ಹಾರಿತು.

ಬಿಡುಗಡೆಯಾದ ಸಿಂಹ ಸುಮ್ಮನಿರುತ್ತದೆಯೇ? "ಅವಳು ವಾಪಸ್ ಬರೋದ್ರೊಳಗೆ ಸೈಕಲ್ಲು ಹೊರಗೆ ನಿಂತಿರಬೇಕು! ಗರಗಸ ಇದೆಯಾ?" ಅಜ್ಜನ ಡಬ್ಬಿಯಲ್ಲಿ ಒಂದು ಸಣ್ಣ ಗರಗಸವಿತ್ತು. ಮೇಸ್ತ್ರಿಗಳು ಕೀಲಿಗೆ ಹಚ್ಚಿದರು. ಕೊಯ್ದರು, ಬೆವರಿದರು, ಬೈದರು. ಇಂಥ ವೆಲ್ಡು ಹೊಡೆದವನು ಯಾವ ಕತ್ತೆ ಎಂದು ಒಮ್ಮೆ ಕೂಗಿಯೂ ಬಿಟ್ಟರು. ಅಜ್ಜ ಸೌಜನ್ಯಕ್ಕೆ ಕೆರೆಯ ಕಡೆ ತಿರುಗಿಕೊಂಡರು. ಗರಗಸದ ಹಲ್ಲೆಲ್ಲ ಉದುರಿದವು. ಕೀಲಿನ ಮೇಲೆ ಒಂದು ಗೀರು ಬಿತ್ತು, ಅಷ್ಟೇ.

ಕೊನೆಗೆ ರೇಗಿ, ಎರಡೂ ಕೈಯಲ್ಲಿ ಗೇಟು ಹಿಡಿದು, ಒಂದು ಕಾಲನ್ನು ಬಂಪರಿಗೆ ಕೊಟ್ಟು, ಇದ್ದಬದ್ದ ಸಿಟ್ಟನ್ನೆಲ್ಲ ಸೇರಿಸಿ ಜಗ್ಗಿದರು. ಗೇಟು ಬಿಡಲಿಲ್ಲ. ಕೀಲು ಬಿಡಲಿಲ್ಲ. ಮೇಸ್ತ್ರಿಗಳ ವೆಲ್ಡು ಒಂದೇ ಒಂದು ಕಡೆಯೂ ಬಿಡಲಿಲ್ಲ. ವ್ಯಾನೇ ಬಿಟ್ಟುಕೊಟ್ಟಿತು! ತುಕ್ಕು ತಿಂದ ಅದರ ಹಿಂಬದಿಯ ಚೌಕಟ್ಟು ‘ಕರಕರ’ ಎಂದು ಹರಿದು, ಪಂಜರ, ಬಂಪರು, ನಂಬರ್ ಪ್ಲೇಟು ಎಲ್ಲ ಒಟ್ಟಾಗಿ ನೆಲಕ್ಕೆ ಬಂದವು. ಬರುವಾಗ ಪಂಜರ ಹಿಂದಿನ ಬಾಗಿಲನ್ನೂ ಒಮ್ಮೆ ಗುದ್ದಿ, ಅದರ ಬೀಗವನ್ನು ಒಳಕ್ಕೆ ಮಡಚಿಟ್ಟಿತು. ಮೇಸ್ತ್ರಿಗಳು ಪಕ್ಕಕ್ಕೆ ಹಾರಿದ್ದರಿಂದ ಅವರ ಕಥೆ ಇನ್ನೂ ಮುಂದುವರಿದಿದೆ.

ಧೂಳು ಇಳಿಯಿತು. ನೋಡಿದರೆ, ವ್ಯಾನಿನ ಬೆನ್ನು ಮುಚ್ಚಿದ್ದ ಕಡೆ ಪಂಜರಕ್ಕೆ ಗೋಡೆಯೇ ಇಲ್ಲ! ಸೈಕಲ್ಲು, ಒಂದು ಗೀರೂ ಇಲ್ಲದೆ, ತಣ್ಣಗೆ ಹೊರಗೆ ಬಂತು.

ಅದೇ ಹೊತ್ತಿಗೆ ಟೈಲರಮ್ಮ ಒಂದು ಸುತ್ತು ಮುಗಿಸಿ ಬಂದರು. ಮುಖ ಬೆವರಿನಿಂದ ಹೊಳೆಯುತ್ತಿತ್ತು, ಕೊರಳಲ್ಲಿ ಟೇಪಿನ ಬದಲು ಪದಕ. ಮೇಸ್ತ್ರಿಗಳು ಸೈಕಲ್ಲನ್ನು ಒಂದು ಕೈಯಲ್ಲಿ ಹಿಡಿದು, ಸೋಪಿನ ನೊರೆ ಒಣಗಿದ ಇನ್ನೊಂದು ಕೈಯನ್ನು ಸೊಂಟದ ಮೇಲಿಟ್ಟು ನಿಂತರು. "ನೋಡು! ತೆಗೆದೆ! ನನ್ನ ಕೈಲಿ ಆಗದ್ದು ಯಾವುದಿದೆ?"

ಟೈಲರಮ್ಮ ಸೈಕಲ್ಲು ನೋಡಿದರು. ನೆಲದ ಮೇಲಿನ ಪಂಜರ ನೋಡಿದರು. ಅದರ ಜೊತೆ ಮಲಗಿದ್ದ ನಂಬರ್ ಪ್ಲೇಟು ನೋಡಿದರು. ತೆರೆಯದ ಹಿಂದಿನ ಬಾಗಿಲು, ಪಕ್ಕದ ಬಾಗಿಲಿಗೆ ಅಡ್ಡವಾಗಿ ಮೇಸ್ತ್ರಿಗಳೇ ಬಡಿದಿದ್ದ ಕಪಾಟು, ಎಲ್ಲ ನೋಡಿದರು.

"ಸರಿ. ಈಗ ಇದನ್ನ ಮನೆಗೆ ಹೇಗೆ ತಗೊಂಡು ಹೋಗೋದು?"

ಮೇಸ್ತ್ರಿಗಳ ಕೈ ಸೊಂಟದಿಂದ ತಾನಾಗಿ ಜಾರಿತು.

ಕೊನೆಗೆ ತಗೊಂಡು ಹೋದವರು ಆ ಅಜ್ಜ ಅಜ್ಜಿಯೇ. "ನಾವೂ ಆ ಕಡೆಗೇ" ಅಂದರು. ಸುಳ್ಳು, ಅವರ ವ್ಯಾನು ಎದುರು ದಿಕ್ಕಿಗೆ ಹೊರಟು ನಿಂತಿದ್ದನ್ನು ಟೈಲರಮ್ಮ ನೋಡಿದ್ದರು. ಸೈಕಲ್ಲನ್ನು ಮನೆಯ ಮುಂದೆ ಇಳಿಸಿ, ಕಾಫಿಯನ್ನೂ ಬೇಡವೆಂದು, ಅಜ್ಜ ಸ್ಟೇರಿಂಗ್ ಹಿಡಿದರು. ಹೇಳಬೇಕಾದ ಹೊತ್ತು ಅದು. ಮೇಸ್ತ್ರಿಗಳು ಕಿಟಕಿಯ ಹತ್ತಿರ ಹೋದರು. ಕೆಮ್ಮಿದರು. ಕತ್ತು ತುರಿಸಿಕೊಂಡರು. ಹಸಿರು ವ್ಯಾನು ಹೋಯಿತು.

"ಹೇಳಿದ್ರಾ?" ಕೇಳಿದರು ಟೈಲರಮ್ಮ.

"ಹೇಳ್ದೆ."

"ಏನಂತ?"

"ಹಿಂದಿನ ಟೈರಿಗೆ ಗಾಳಿ ಕಮ್ಮಿ ಇದೆ ಅಂತ."

ಟೈಲರಮ್ಮ ಹಣೆ ಚಚ್ಚಿಕೊಂಡರು. ಅಜ್ಜನ ಹೆಸರು ಕೇಳಿಲ್ಲ, ಊರು ಕೇಳಿಲ್ಲ. ಬೈಗುಳವಾದರೆ ಮೇಸ್ತ್ರಿಗಳ ಬಾಯಿಂದ ಪುಂಖಾನುಪುಂಖವಾಗಿ ಬರುತ್ತದೆ; ‘ಉಪಕಾರ ಆಯ್ತು’ ಅನ್ನುವ ಎರಡು ಮಾತಿಗೆ ಮಾತ್ರ ನಾಲಿಗೆ ತುಕ್ಕು ಹಿಡಿದಿತ್ತು. ಅವತ್ತಿನಿಂದ ಆ ಎರಡು ಮಾತು ಹೊಟ್ಟೆಯಲ್ಲಿ ಮೊಳೆಯಂತೆ ಚುಚ್ಚತೊಡಗಿತು. ಶಾಪಿನಲ್ಲಿ ಯಾರೂ ಇಲ್ಲದಾಗ ಗ್ರಿಲ್ಲುಗಳ ಮುಂದೆ ನಿಂತು ಅಭ್ಯಾಸ ಮಾಡಿದ್ದೂ ಉಂಟು.

ಆಮೇಲೊಮ್ಮೆ, ಬೇರೊಂದು ಸವಾರಿಗೆ ಟೈಲರಮ್ಮನನ್ನು ಕರೆದೊಯ್ದಾಗ, ಮರದ ಕೆಳಗೆ ಹಸಿರು ವ್ಯಾನು ನಿಂತಿತ್ತು. ಮೇಸ್ತ್ರಿಗಳು ಓಡಿದರು. ಮಾತು ಮತ್ತೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಮೊದಲೇ ಹೇಳಿಬಿಡಬೇಕೆಂದು ಕಿಟಕಿಯನ್ನು ದಬದಬ ಗುದ್ದಿ, ಕಣ್ಣು ಬಿಟ್ಟುಕೊಂಡು, ಕಬ್ಬಿಣದ ಸಂತೆಯಲ್ಲಿ ಕೂಗುವ ಗಂಟಲಲ್ಲಿ ಅರಚಿದರು:

"ಏನ್ರೀ! ದೊಡ್ಡ ಉಪಕಾರ ಆಯ್ತು ನಿಮ್ಮಿಂದ!"

ಒಳಗಿದ್ದದ್ದು ಯಾರೋ ಹೊಸದಾಗಿ ಮದುವೆಯಾದ ಜೋಡಿ. ಹುಡುಗಿ ಕಿರುಚಿದಳು. ಗಂಡ ಎರಡೂ ಕೈ ಮುಗಿದ. "ತಪ್ಪಾಯ್ತು ಸಾರ್! ನಿಮ್ಮ ಜಾಗ ಅಂತ ಗೊತ್ತಿರಲಿಲ್ಲ! ಈಗಲೇ ತೆಗೀತೀವಿ!" ವ್ಯಾನು ಧೂಳೆಬ್ಬಿಸಿಕೊಂಡು ಹೊರಟೇಹೋಯಿತು.

ಟೈಲರಮ್ಮ ನಿಧಾನಕ್ಕೆ ಬಂದು ಪಕ್ಕದಲ್ಲಿ ನಿಂತರು. "ಏನಾಯ್ತು ರೀ?"

"ಋಣ ತೀರಿಸೋಕೆ ಹೋದೆ."

"ತೀರಿತಾ?"

ಮೇಸ್ತ್ರಿಗಳು ದೂರವಾಗುತ್ತಿದ್ದ ಧೂಳನ್ನೇ ನೋಡಿದರು. "ಇಲ್ಲ ಕಣೇ. ಈಗ ಇವರದ್ದೂ ಒಂದು ಸೇರ್ಕೊಂಡ್ತು."